ಚೇರಂತುರುತ್ತಿನ ಮುಕ್ತ ವಿನ್ಯಾಸದ ಅಲಾರಂ

ಚೇರಂತುರುತ್ತು ವಿದ್ಯುನ್ಮಾನ ಕಾರ್ಮಿಕರ ಸಹಕಾರ ಸಂಘವು ತನ್ನ ಮೊತ್ತಮೊದಲ ಸ್ವಂತ ಸರ್ಕ್ಯೂಟ್ ಬೋರ್ಡನ್ನು ಸಂಪೂರ್ಣ ಪ್ರಜಾಸತ್ತಾತ್ಮಕವಾಗಿ, ಯಾರ ಒತ್ತಡಕ್ಕೂ ಮಣಿಯದೆ, ಇದುವರೆಗೂ ತಯಾರಿಸಿಲ್ಲ ಎಂಬುದನ್ನು ಸಾರ್ವಜನಿಕರಿಗೆ ತಿಳಿಸಲು ಹರ್ಷಿಸುತ್ತೇನೆ. ಸಂಘದ ಸೆಕ್ರೆಟರಿಯಾಗಿ ಇದನ್ನು ದಾಖಲಿಸುವುದು ನನ್ನ ಕರ್ತವ್ಯ. ಒಂದೆರಡು ಪತ್ರಿಕೆಗಳು ಸಂಘ ನಿದ್ದೆ ಮಾಡುತ್ತಿತ್ತು ಎಂದು ಬರೆದಿವೆ. ಇದು ಶುದ್ಧ ಸುಳ್ಳು. ಆ ಅವಧಿಯಲ್ಲಿ ನಮ್ಮಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿಲ್ಲ. ಸಭೆಗಳೇ ಅಷ್ಟಿದ್ದವು.

ನಮ್ಮ ಕುಟ್ಟನಾಡಿನಲ್ಲಿ ಹೊಳೆ ಮೇಲಿರುತ್ತದೆ, ಗದ್ದೆ ಕೆಳಗಿರುತ್ತದೆ, ನಡುವೆ ಮಣ್ಣಿನ ಒಡ್ಡು ಇರುತ್ತದೆ. ಒಡ್ಡು ಇರುವವರೆಗೆ ಊರು ಇರುತ್ತದೆ. ಚೇರಂತುರುತ್ತಿನ ಗದ್ದೆಗಳ ನಡುವೆ, ಎಲ್ಲಕ್ಕಿಂತ ತಗ್ಗಿನಲ್ಲಿ ತ್ರೇಸ್ಯಾಮ್ಮ ಚೇಚಿಯ ಮನೆ. ಊರಿಗೆಲ್ಲ ಚೇಚಿ, ಅಂದರೆ ಅಕ್ಕ, ಆದ ಅವರಿಗೆ ಅರವತ್ತು ದಾಟಿದೆ. ಮನೆಯಲ್ಲಿ ಅವರೂ, ಹಾಸಿಗೆ ಹಿಡಿದ ಅವರ ತಾಯಿ ಮರಿಯಕ್ಕುಟ್ಟಿ ಅಮ್ಮಚ್ಚಿಯೂ ಇಬ್ಬರೇ.

ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿರುವಾಗ, ಕುಂಭ ಮಾಸದ ಒಂದು ಬೆಳಿಗ್ಗೆ ಚೇಚಿ ದೋಣಿ ಕಟ್ಟಿ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರು. ಎಲ್ಲರೂ ಸಖಾವು, ಅಂದರೆ ಕಾಮ್ರೇಡ್, ಎಂದು ಕರೆಯುವ ಪ್ರೆಸಿಡೆಂಟ್ ಸುಗತನ್ ಬೇಳೆಯ ಪರಿಪ್ಪುವಡೆಯನ್ನು ಹಾಲಿಲ್ಲದ ಕಟ್ಟನ್ ಚಾಯದಲ್ಲಿ ಅದ್ದುತ್ತಿದ್ದರು.

"ಪ್ರೆಸಿಡೆಂಟೇ, ನನಗೊಂದು ಕೂಗೋ ಪೆಟ್ಟಿಗೆ ಬೇಕು."

"ಎಂಥ ಪೆಟ್ಟಿಗೆ ಚೇಚಿ?"

"ಒಡ್ಡಿನ ಮೇಲೆ ಇಡೋಕೆ. ಹೊಳೆ ನೀರು ಗೆರೆ ದಾಟಿದ ತಕ್ಷಣ ಕೂಗ್ಬೇಕು. ಹೋದ ಮಳೆಗಾಲ ಒಡ್ಡು ಕಿತ್ಕೊಂಡಿದ್ದು ನನಗೆ ಗೊತ್ತಾಗಿದ್ದು ಅಮ್ಮಚ್ಚಿ ಮಂಚ ತೇಲಾಡಿದಾಗ. ಅವರನ್ನ ಎತ್ತಿ ದೋಣಿಗೆ ಹಾಕೋಕೆ ನನಗೊಬ್ಬಳಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಕೊಡ್ಸಿ. ಬೇರೇನೂ ಕೇಳಲ್ಲ."

ಬೇಡಿಕೆ ನ್ಯಾಯವಾಗಿತ್ತು. ಸಂಘ ಅಲ್ಲಿಯವರೆಗೆ ಕೊಯಮತ್ತೂರಿನಿಂದ ತಂದ ಬೋರ್ಡುಗಳಿಗೆ ಬಲ್ಬು ಸಿಕ್ಕಿಸಿ ಎಮರ್ಜೆನ್ಸಿ ದೀಪ ಮಾಡಿ ಮಾರುತ್ತಿತ್ತು. ಸ್ವಂತ ಬೋರ್ಡು ಮಾಡುವುದು ನಮ್ಮೆಲ್ಲರ ಕನಸು. ಪಾಲಿಟೆಕ್ನಿಕ್ ಮುಗಿಸಿ ಬಂದಿದ್ದ ನಮ್ಮ ಏಕಮಾತ್ರ ತಾಂತ್ರಿಕ ಸಿಬ್ಬಂದಿ ಷಿನೋಜ್ ಕುರ್ಚಿಯಿಂದ ಎದ್ದೇ ಬಿಟ್ಟ.

"ಇದೇನು ಮಹಾ ಚೇಚಿ? ನೀರು ಮುಟ್ಟಿದ್ದು ತಿಳಿಯೋಕೆ ಎರಡು ತಂತಿ, ಕೂಗೋಕೆ ಒಂದು ಸೈರನ್, ಮಧ್ಯೆ ಅಂಗೈಯಷ್ಟು ಬೋರ್ಡು. ನಾಳೆ ಸಂಜೆಯೊಳಗೆ ಕಂಪ್ಯೂಟರಲ್ಲಿ ಬರೆದು ಮುಗಿಸ್ತೀನಿ. ಬೋರ್ಡು ಮಾಡಿಸಿ ತರೋಕೆ ಒಂದು ವಾರ."

"ನೀನು ಚೆನ್ನಾಗಿರು ಮೋನೇ," ಎಂದು ಮಗನನ್ನು ಹರಸುವಂತೆ ಹರಸಿ ಚೇಚಿ ಕಣ್ಣೊರೆಸಿಕೊಂಡು ಛತ್ರಿ ಬಿಚ್ಚಿದರು. ಅವರು ಮೆಟ್ಟಿಲು ಇಳಿಯುವವರೆಗಾದರೂ ಷಿನೋಜ್ ಬಾಯಿ ಮುಚ್ಚಿಕೊಂಡಿರಬಹುದಿತ್ತು.

"ಪ್ರೆಸಿಡೆಂಟ್ ಸಾರೇ, ಯಾವುದರಲ್ಲಿ ಬರೀಲಿ? ಕೀಕ್ಯಾಡಲ್ಲಾ, ಲಿಬ್ರೆ ಪಿಸಿಬಿಯಲ್ಲಾ?"

ಇವೆರಡೂ ಸರ್ಕ್ಯೂಟ್ ಬೋರ್ಡು ಬರೆಯುವ ತಂತ್ರಾಂಶಗಳು. ಎರಡೂ ಮುಕ್ತ, ಎರಡೂ ಉಚಿತ. ಮುಕ್ತ ತಂತ್ರಾಂಶವನ್ನಲ್ಲದೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲವೆಂದು ನಮ್ಮ ಸಂಘ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದೆ. ಕೀಕ್ಯಾಡ್ ಹಳೆಯದು, ದೊಡ್ಡದು, ಬಿಡಿಭಾಗಗಳ ಚಿತ್ರಗಳ ದೊಡ್ಡ ಭಂಡಾರವೇ ಅದರಲ್ಲಿದೆ. ಲಿಬ್ರೆ ಹೊಸದು, ಚಿಕ್ಕದು, ಅಚ್ಚುಕಟ್ಟು, ಹೊಸಬರಿಗೆ ಬೇಗ ಕೈಗೆ ಹತ್ತುತ್ತದೆ. ಎರಡರಿಂದಲೂ ಕೊನೆಗೆ ಹೊರಬರುವ ಕಡತ ಒಂದೇ ಜಾತಿಯದು. ಬೋರ್ಡು ಮಾಡುವ ಕಾರ್ಖಾನೆಯವನಿಗೆ ಯಾವುದರಲ್ಲಿ ಬರೆದದ್ದೆಂದು ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಈ ಪ್ರಶ್ನೆಯನ್ನು ಷಿನೋಜ್ ಮನಸ್ಸಿನಲ್ಲೇ ಕೇಳಿಕೊಂಡಿದ್ದರೆ ಮನಸ್ಸು ಏನೋ ಒಂದು ಹೇಳುತ್ತಿತ್ತು, ಕೆಲಸ ಮುಗಿಯುತ್ತಿತ್ತು. ಅವನು ಜೋರಾಗಿ ಕೇಳಿದ. ನಮ್ಮೂರಿನಲ್ಲಿ ಜೋರಾಗಿ ಕೇಳಿದ ಪ್ರಶ್ನೆಗೆ ಒಬ್ಬರೇ ಉತ್ತರ ಕೊಡುವ ಪದ್ಧತಿ ಇಲ್ಲ.

ಸಖಾವು ಸುಗತನ್ ವಡೆ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. "ಷಿನೋಜೇ, ಇದು ಒಬ್ಬ ವ್ಯಕ್ತಿ ತೀರ್ಮಾನ ಮಾಡೋ ವಿಷಯ ಅಲ್ಲ. ವೈಯಕ್ತಿಕವಾಗಿ ಕೇಳಿದ್ರೆ ನನಗೆ ಈ ಕೀಕ್ಯಾಡ್ ಅನ್ನೋದರ ಬಗ್ಗೆ ಒಳ್ಳೆ ಅಭಿಪ್ರಾಯ ಇದೆ. ಆದ್ರೂ ಚರ್ಚೆ ಆಗ್ಲಿ."

ಕೀಕ್ಯಾಡ್ ಎಂಬ ಹೆಸರನ್ನು ಅವರು ಕೇಳಿ ಅರ್ಧ ನಿಮಿಷವಾಗಿತ್ತು.

ಎದುರಿನ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ವೈಸ್ ಪ್ರೆಸಿಡೆಂಟ್ ಔಸೇಪ್ಪಚ್ಚನ್ ಪೇಪರ್ ಮಡಚಿದರು. ಅವರು ಸಂಘದ ಚುನಾವಣೆಯಲ್ಲಿ ಎದುರು ಪ್ಯಾನೆಲ್ಲಿನಿಂದ ಗೆದ್ದವರು. "ಹಾಗಾದ್ರೆ ಇನ್ನೊಂದು ಯಾವುದೋ ಹೇಳಿದ್ಯಲ್ಲ ಮೋನೇ, ಅದರ ಹೆಸರೇನು?"

"ಲಿಬ್ರೆ ಪಿಸಿಬಿ, ಅಚ್ಚಾಯಾ."

"ಅದಕ್ಕೆ ನನ್ನ ಬಲವಾದ ಬೆಂಬಲ ಇದೆ ಅಂತ ಬರ್ಕೊಳ್ಳಿ ಸೆಕ್ರೆಟರಿ."

ಬರೆದುಕೊಂಡೆ. ಹೀಗೆ ತಂತ್ರಾಂಶ ಆಯ್ಕೆ ಉಪಸಮಿತಿ ಅಸ್ತಿತ್ವಕ್ಕೆ ಬಂತು.

ಉಪಸಮಿತಿಯ ಮೊದಲ ತೀರ್ಮಾನದಂತೆ ಸದಸ್ಯರಿಗೆ ಅಧ್ಯಯನ ಶಿಬಿರ ನಡೆಯಿತು. ಕಂಪ್ಯೂಟರ್ ತೆರೆದರೆ ಚರ್ಚೆಗೆ ಅಡ್ಡಿಯಾಗುತ್ತದೆಂದು ಅದರ ಮೇಲೆ ಬಟ್ಟೆ ಹೊದಿಸಿದ್ದೆವು. ಸಖಾವು ಸುಗತನ್ ಅವರು ವಿಷಯ ಮಂಡಿಸಿ, ಕೀಕ್ಯಾಡ್ ಹುಟ್ಟಿದ್ದು ಫ್ರಾನ್ಸಿನಲ್ಲಿ, ಫ್ರಾನ್ಸ್ ಎಂದರೆ ಕ್ರಾಂತಿ, ಲಿಬ್ರೆ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಸ್ವಿಟ್ಜರ್ಲೆಂಡ್ ಎಂದರೆ ಬ್ಯಾಂಕು, ಇನ್ನು ಹೇಳುವುದಕ್ಕೇನಿದೆ ಎಂದು ಕೇಳಿದರು. ಚಪ್ಪಾಳೆ ಬಿತ್ತು. ಔಸೇಪ್ಪಚ್ಚನ್ ಎದ್ದು, ಇದೇ ಕೀಕ್ಯಾಡ್‌ಗೆ ಜಿನೀವಾದ ಪಕ್ಕದ ದೊಡ್ಡ ಪ್ರಯೋಗಾಲಯದವರು ಕೈಹಾಕಿ ಎಷ್ಟೋ ಸುಧಾರಣೆ ಮಾಡಿಕೊಟ್ಟಿದ್ದಾರೆ, ಜಿನೀವಾ ಯಾವ ದೇಶದಲ್ಲಿದೆ ಎಂದು ಸಖಾವು ಸಭೆಗೆ ತಿಳಿಸಬೇಕು ಎಂದರು. ಅದಕ್ಕೂ ಚಪ್ಪಾಳೆ ಬಿತ್ತು. ಸಖಾವು ಮುಖ ಕೆಂಪು ಮಾಡಿಕೊಂಡು ಇದನ್ನು ಜಿಲ್ಲಾ ಮಟ್ಟದಲ್ಲಿ ಪರಿಶೀಲಿಸುವುದಾಗಿ ಹೇಳಿದರು.

ಈ ಹಂತದಲ್ಲಿ ಷಿನೋಜ್ ಇನ್ನೊಂದು ತಪ್ಪು ಮಾಡಿದ. ಕೈ ಎತ್ತಿದ.

"ಸಾರೇ, ಎರಡನ್ನೂ ಒಂದೇ ಕಂಪ್ಯೂಟರಿಗೆ ಹಾಕ್ಬಹುದು. ಜಗಳ ಇಲ್ದೆ ಇರ್ತವೆ. ಇವತ್ತಿನ ಕೆಲಸಕ್ಕೆ ಒಂದನ್ನ ಬಳಸೋಣ, ಇಷ್ಟ ಆಗ್ಲಿಲ್ಲ ಅಂದ್ರೆ ನಾಳೆ ಇನ್ನೊಂದನ್ನ."

ಶಿಬಿರದುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡದಿದ್ದ ಪ್ರೆಸಿಡೆಂಟ್ ಮತ್ತು ವೈಸ್ ಪ್ರೆಸಿಡೆಂಟ್ ಪರಸ್ಪರ ನೋಡಿಕೊಂಡರು.

"ಇದಕ್ಕೆ ಏನಂತಾರೆ ಗೊತ್ತೇನೋ?" ಸುಗತನ್ ಸಣ್ಣ ದನಿಯಲ್ಲಿ ಕೇಳಿದರು. "ಅವಕಾಶವಾದ."

"ಶುದ್ಧ ಅವಕಾಶವಾದ," ಎಂದರು ಔಸೇಪ್ಪಚ್ಚನ್. "ನಾಳೆ ಎರಡು ಮದುವೆನೂ ಆಗ್ತೀಯಾ?"

ಷಿನೋಜ್‌ನಿಂದ ವಿವರಣೆ ಕೇಳಲಾಯಿತು. ವಿವರಣೆ ತೃಪ್ತಿಕರವಾಗಿಲ್ಲದ್ದರಿಂದ, ಆಯ್ಕೆ ಅಂತಿಮವಾಗುವವರೆಗೆ ಅವನು ಯಾವ ತಂತ್ರಾಂಶವನ್ನೂ ತೆರೆಯಕೂಡದೆಂದು ನಿಯಮ ಮಾಡಿ ಅವನ ಮೌಸನ್ನು ನನ್ನ ಸುಪರ್ದಿಗೆ ಕೊಟ್ಟರು. ಈಗಲೂ ನನ್ನ ಬಳಿಯೇ ಇದೆ.

ಮುಂದಿನದು ಜಾಥಾ. ನಮ್ಮಲ್ಲಿ ರಸ್ತೆಗಿಂತ ನೀರು ಹೆಚ್ಚಾದ್ದರಿಂದ ಎರಡೂ ಬಣಗಳು ದೋಣಿ ಜಾಥಾ ಹೊರಡಿಸಿದವು. ಕೀಕ್ಯಾಡ್ ಸಂರಕ್ಷಣಾ ಸಮಿತಿಯ ದೋಣಿ ತೆಂಕಣ ಕಾಲುವೆಯಿಂದ, ಲಿಬ್ರೆ ಜನಪರ ವೇದಿಕೆಯ ದೋಣಿ ಬಡಗಣ ಕಾಲುವೆಯಿಂದ. ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಯಾವ ದೋಣಿ ಬಂದರೂ ಮುಷ್ಟಿ ಎತ್ತುತ್ತಿದ್ದರು. ಫ್ಲೆಕ್ಸುಗಳನ್ನು ಎರಡೂ ಕಡೆಯವರಿಗೆ ಒಬ್ಬನೇ ಮಾಡಿಕೊಟ್ಟ, ಅದೂ ಕದ್ದ ತಂತ್ರಾಂಶದಲ್ಲಿ. ಮುಕ್ತ ತಂತ್ರಾಂಶದ ಪರವಾದ ಘೋಷಣೆಗಳು ತುಂಬ ಚೆನ್ನಾಗಿ ಮೂಡಿಬಂದಿದ್ದವು. ಇನ್ನೊಂದು ಮೂರನೆಯ ತಂತ್ರಾಂಶದ ಪರವಾಗಿಯೂ ಒಂದು ಬಣವಿತ್ತು. ಅದರಲ್ಲಿ ನಿವೃತ್ತ ರೇಡಿಯೋ ಮೆಕ್ಯಾನಿಕ್ ಒಬ್ಬರೇ ಇದ್ದರು, ಅವರಲ್ಲೂ ಭಿನ್ನಮತ ಕಾಣಿಸಿಕೊಂಡಿದೆ ಎಂಬ ಸುದ್ದಿಯಿತ್ತು.

ಮೇಡ ಮಾಸ ಕಳೆಯಿತು. ಎಡವ ಮಾಸದ ಮೋಡ ಕಾಣಿಸಿತು. ತ್ರೇಸ್ಯಾಮ್ಮ ಚೇಚಿ ವಾರಕ್ಕೊಮ್ಮೆ ಬಂದು ಬೆಂಚಿನ ತುದಿಯಲ್ಲಿ ಕೂತು ಹೋಗುತ್ತಿದ್ದರು. ಮೊದಮೊದಲು ಏನಾಯಿತು ಎಂದು ಕೇಳುತ್ತಿದ್ದರು, ಆಮೇಲೆ ಸುಮ್ಮನೆ ಆಕಾಶ ನೋಡುತ್ತಿದ್ದರು. ಅದನ್ನು ನೋಡಲಾರದೆ ಷಿನೋಜ್ ಒಂದು ಕೆಲಸ ಮಾಡಿದ. ಮನೆಯಲ್ಲಿ ಕೂತು, ತೂತುಗಳಿರುವ ಸಾದಾ ಹಲಗೆಯ ಮೇಲೆ, ಕಂಪ್ಯೂಟರಿನ ಹಂಗಿಲ್ಲದೆ, ಕೈಯಿಂದಲೇ ಬೆಸುಗೆ ಹಾಕಿ ಸೈರನ್ ಪೆಟ್ಟಿಗೆ ತಯಾರಿಸಿ ತಂದ. ಆಫೀಸಿನ ಬಕೆಟಿನಲ್ಲಿ ಅದರ ತಂತಿ ಅದ್ದಿದ. ಪೆಟ್ಟಿಗೆ ಹೇಗೆ ಕಿರುಚಿತೆಂದರೆ ಸಖಾವು ಸುಗತನ್ ಅವರ ಚಾಯ ಔಸೇಪ್ಪಚ್ಚನ್ ಅವರ ಬಿಳಿ ಮುಂಡು ಪಂಚೆಯ ಮೇಲೆ ಬಿತ್ತು.

ತ್ರೇಸ್ಯಾಮ್ಮ ಚೇಚಿ ಎರಡೂ ಕೈ ಚಾಚಿದರು. "ಕೊಡು ಮೋನೇ, ಹೀಗೇ ಕೊಡು. ಈಗ್ಲೇ ಒಡ್ಡಿನ ಮೇಲೆ ಇಟ್ಟು ಬರ್ತೀನಿ."

"ತಾಳಿ ಚೇಚಿ," ಎಂದರು ಪ್ರೆಸಿಡೆಂಟ್. "ಷಿನೋಜೇ, ಇದನ್ನ ಯಾವುದರಲ್ಲಿ ವಿನ್ಯಾಸ ಮಾಡಿದ್ದು?"

"ಯಾವುದರಲ್ಲೂ ಇಲ್ಲ ಸಾರೇ. ತಲೇಲಿ."

"ನಿನ್ನ ತಲೆ ಮುಕ್ತನಾ?" ಔಸೇಪ್ಪಚ್ಚನ್ ಕೇಳಿದರು. "ಅದನ್ನ ಯಾರು ಬೇಕಾದ್ರೂ ತೆರೆದು ನೋಡಿ ತಿದ್ದಬಹುದಾ?"

ಯಾವುದೇ ಅನುಮೋದಿತ ತಂತ್ರಾಂಶದಲ್ಲಿ ವಿನ್ಯಾಸಗೊಳ್ಳದ ಉಪಕರಣವು ತಾಂತ್ರಿಕವಾಗಿ ಅಸ್ತಿತ್ವದಲ್ಲಿ ಇರುವುದಿಲ್ಲ ಎಂದು ಉಪಸಮಿತಿ ನಿರ್ಣಯಿಸಿತು. ಅಸ್ತಿತ್ವದಲ್ಲಿಲ್ಲದ ಪೆಟ್ಟಿಗೆಯನ್ನು ಆಫೀಸಿನ ಕಬ್ಬಿಣದ ಅಲ್ಮೆರಾದ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಚೇಚಿ ಚಾಚಿದ ಕೈಗಳನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದು, ಆಮೇಲೆ ಸೆರಗಿನಲ್ಲಿ ಒರೆಸಿಕೊಂಡರು. ನನಗೆ ನಾಚಿಕೆಯಾಯಿತು. ನಾಚಿಕೆಯನ್ನು ನಡಾವಳಿಯಲ್ಲಿ ಬರೆಯಲು ಅವಕಾಶವಿಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ಸಂಘಕ್ಕೆ ಹೃದಯವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮಳೆ ಹತ್ತಿರವಾದ್ದರಿಂದ ಉಪಸಮಿತಿ ಸ್ಥಳ ಪರಿಶೀಲನೆಗೆ ಚೇಚಿಯ ಮನೆಗೆ ಹೋಯಿತು. ನಮ್ಮ ದೋಣಿ ಇನ್ನೂ ಕಾಲುವೆಯ ತಿರುವಿನಲ್ಲಿರುವಾಗಲೇ ಒಳಗಿನಿಂದ ಮರಿಯಕ್ಕುಟ್ಟಿ ಅಮ್ಮಚ್ಚಿಯ ಧ್ವನಿ ಕೇಳಿಸಿತು.

"ಎಡೀ ತ್ರೇಸ್ಯೇ! ಯಾವನೋ ಬರ್ತಾ ಇದಾನೆ ನೋಡೇ! ಹುಟ್ಟು ಹಾಕೋ ಸದ್ದು ಕೇಳಿದ್ರೆ ಕೆಲಸ ಇಲ್ಲದವನೇ ಇರ್ಬೇಕು!"

ಆಚೆ ದಂಡೆಯ ಬಾತುಕೋಳಿಗಳು ದಿಕ್ಕು ಬದಲಿಸಿದವು. ಪ್ರೆಸಿಡೆಂಟ್ ದೋಣಿಯಲ್ಲೇ ಎದ್ದು ನಿಂತರು. ವೈಸ್ ಪ್ರೆಸಿಡೆಂಟ್ ಅವರ ತೋಳು ಹಿಡಿದುಕೊಂಡರು, ಬೀಳದಿರಲೆಂದೂ ಇರಬಹುದು. ಇಬ್ಬರಿಗೂ ಒಂದೇ ಯೋಚನೆ ಒಂದೇ ಕ್ಷಣದಲ್ಲಿ ಬಂದದ್ದು ಸಂಘದ ಇತಿಹಾಸದಲ್ಲೇ ಮೊದಲು.

ಆ ಸಂಜೆ ಹೊರಡಿಸಿದ ಪ್ರಕಟಣೆ ಹೀಗಿತ್ತು:

"ತಂತ್ರಾಂಶದ ಆಯ್ಕೆ ಅಂತಿಮವಾಗುವವರೆಗೆ ಶ್ರೀಮತಿ ಮರಿಯಕ್ಕುಟ್ಟಿಯವರನ್ನು ತಾತ್ಕಾಲಿಕ ಜಲಮಟ್ಟ ಎಚ್ಚರಿಕೆ ಉಪಕರಣವಾಗಿ ನೇಮಿಸಲಾಗಿದೆ. ಅವರ ಮನೆ ಊರಿನಲ್ಲೇ ಅತಿ ತಗ್ಗಿನದಾದ್ದರಿಂದ ನೀರು ಮೊದಲು ಅಲ್ಲಿಗೇ ಬರುತ್ತದೆ ಎಂಬುದನ್ನು ಗಣನೆಗೆ ತೆಗೆದುಕೊಳ್ಳಲಾಗಿದೆ. ಸದರಿ ಉಪಕರಣವು ಬಲಗೈಯನ್ನು ಮಂಚದಿಂದ ನೆಲಕ್ಕೆ ಇಳಿಬಿಟ್ಟುಕೊಂಡಿರತಕ್ಕದ್ದು. ಬೆರಳಿಗೆ ನೀರು ತಗುಲಿದ ಕೂಡಲೇ ಕೂಗತಕ್ಕದ್ದು. ವೈಯಕ್ತಿಕ ಕಾರಣಗಳಿಗಾಗಿ ಕೂಗಕೂಡದು. ಉಪಕರಣವನ್ನು ಅನುಮತಿಯಿಲ್ಲದೆ ಸ್ಥಳದಿಂದ ಕದಲಿಸಕೂಡದು."

ತ್ರೇಸ್ಯಾಮ್ಮ ಚೇಚಿಗೆ ಇದನ್ನು ಓದಿ ಹೇಳಿದಾಗ ಅವರು ನಂಬಲಿಲ್ಲ. ಎರಡನೆಯ ಸಲ ಓದಿಸಿದರು.

"ಅಮ್ಮಚ್ಚೀನ ಉಳಿಸೋಕೆ ಅಲಾರಂ ಕೇಳಿದ್ರೆ, ಅಮ್ಮಚ್ಚೀನೇ ಅಲಾರಂ ಮಾಡ್ತೀರಾ? ಅವರ ಬೆರಳಿಗೆ ನೀರು ಬಂದ್ಮೇಲೆ ಅವರನ್ನ ಎತ್ತೋದು ಯಾವಾಗ?"

"ಭಾವುಕರಾಗ್ಬೇಡಿ ಚೇಚಿ," ಎಂದರು ಸುಗತನ್. "ತಾತ್ಕಾಲಿಕ ಅಂತ ಬರ್ದಿದೆಯಲ್ಲ."

ಇಷ್ಟರಲ್ಲಿ ಮಂಚದಿಂದ ಪ್ರಶ್ನೆ ಬಂತು. "ಎಡಾ ಸುಗತಾ, ಎದೆ ಮೇಲೆ ಹಾಕ್ಕೊಳ್ಳೋಕೆ ಬಿಲ್ಲೆ ಕೊಡ್ತೀರೇನೋ?"

"ಕೊಡ್ತೀವಿ ಅಮ್ಮಚ್ಚಿ."

"ಫೋಟೋ ಇರೋದು?"

"ಫೋಟೋ ಇರೋದೇ."

"ಹಾಗಾದ್ರೆ ನೀನು ಸುಮ್ನಿರೇ ತ್ರೇಸ್ಯೇ. ಈ ಮನೆಗೆ ಮದುವೆಯಾಗಿ ಬಂದ ದಿನದಿಂದ ಕೂಗ್ತಾ ಇದೀನಿ. ಒಂದು ಬೆಕ್ಕೂ ತಿರುಗಿ ನೋಡಿಲ್ಲ. ಇನ್ಮೇಲೆ ನಾನು ಕೂಗಿದ್ರೆ ಪ್ರೆಸಿಡೆಂಟ್ ಓಡಿ ಬರ್ತಾನೆ." ಹಾಗೆ ಹೇಳಿ ಬಲಗೈಯನ್ನು ಕೆಳಗೆ ಬಿಟ್ಟು ನೋಡಿಕೊಂಡರು.

ಪೇಪರಿನಲ್ಲಿ ಅಮ್ಮಚ್ಚಿಯ ಫೋಟೋ ಬಂತು. ಚಂಗನಾಶ್ಶೇರಿಯಲ್ಲಿ ಮಹಡಿ ಮನೆ ಕಟ್ಟಿಸಿರುವ ಚೇಚಿಯ ಅಣ್ಣನ ಹೆಂಡತಿ, ಅತ್ತೆಯನ್ನು ಒಂದು ದಿನಕ್ಕೂ ಕರೆಸಿಕೊಳ್ಳದವಳು, ಫೋಟೋ ನೋಡಿ ಫೋನು ಮಾಡಿ, ಅಮ್ಮಚ್ಚಿಯನ್ನು ಮಳೆಗಾಲ ಮುಗಿಯುವವರೆಗೆ ನಮ್ಮಲ್ಲಿಗೇ ಕಳಿಸಿಬಿಡಿ, ಮಹಡಿಯಲ್ಲಿ ಕೋಣೆ ಇದೆ ಎಂದಳಂತೆ. ಚೇಚಿ ಉಸಿರುಕಟ್ಟಿ ಓಡಿಬಂದು ನನ್ನನ್ನು ಅನುಮತಿ ಕೇಳಿದರು. ನಾನು ನಿಯಮ ತೋರಿಸಿದೆ. ಉಪಕರಣ ಕದಲುವಂತಿರಲಿಲ್ಲ.

ಮಿಥುನ ಮಾಸದಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ಇಗರ್ಜಿಯ ಸಭಾಂಗಣದ ಮೇಲಂತಸ್ತಿನಲ್ಲಿ ತಂತ್ರಾಂಶದ ಅಂತಿಮ ಆಯ್ಕೆಯ ಸಮ್ಮೇಳನ ಸೇರಿತು. ಉದ್ಘಾಟನೆಗೆ ಎರಡು ಬಣದವರೂ ಬೇರೆ ಬೇರೆ ನಿಲವಿಳಕ್ಕು ತಂದಿದ್ದರಿಂದ ದೀಪ ಹಚ್ಚುವುದೇ ತಡವಾಯಿತು. ಸ್ವಾಗತ, ಅಧ್ಯಕ್ಷರ ಮಾತು, ಉದ್ಘಾಟಕರ ಮಾತು ಮುಗಿದು ಶುಭ ಕೋರುವವರ ಸಾಲು ಶುರುವಾಗಿತ್ತು. ಯಾರೋ ಒಬ್ಬರು ಶುಭ ಕೋರುತ್ತಿರುವಾಗ ಗದ್ದೆಯ ಕಡೆಯಿಂದ ಅಲಾರಂ ಮೊಳಗಿತು.

"ಎಡಾ ಸುಗತಾ! ಎಡಾ ಔಸೇಪ್ಪೇ! ನೀರು ಬಂತೋ! ಅಲ್ಲೇನು ವಡೆ ತಿಂತಾ ಇದೀರೋ ದರಿದ್ರದವರೇ!"

ಜನ ಏಳತೊಡಗಿದರು. ಔಸೇಪ್ಪಚ್ಚನ್ ಕೈ ಎತ್ತಿ ತಡೆದರು. "ಅಧ್ಯಕ್ಷರೇ, ಕ್ರಿಯಾಲೋಪ! ಅಲಾರಂ ಪ್ರೆಸಿಡೆಂಟರ ಹೆಸರನ್ನ ಮೊದಲು ಹೇಳಿದೆ. ತಟಸ್ಥವಾಗಿರಬೇಕಾದ ಉಪಕರಣ ಒಂದು ಬಣದ ಕಡೆ ವಾಲಿದೆ. ಇದನ್ನ ಎಚ್ಚರಿಕೆ ಅಂತ ಪರಿಗಣಿಸೋ ಹಾಗಿಲ್ಲ."

"ಬೈಗುಳದಲ್ಲಿ ಮೊದಲು ಬರೋದು ಒಂದು ಗೌರವವೇನ್ರೀ?" ಎಂದು ಸುಗತನ್ ಕೇಳಿದರು.

ಚರ್ಚೆ ಕಾವೇರುತ್ತಿತ್ತು. ಆಯ್ಕೆ ಇವತ್ತಾದರೂ ಮುಗಿದೀತೆಂದು ಬಂದು ಕೂತಿದ್ದ ತ್ರೇಸ್ಯಾಮ್ಮ ಚೇಚಿ ಅದಾಗಲೇ ಮೆಟ್ಟಿಲಿಳಿದು ದೋಣಿಯ ಹಗ್ಗ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಅಲಾರಂ ಎರಡನೆಯ ಸಲ ಮೊಳಗಿತು. "ಔಸೇಪ್ಪೇ! ಸುಗತಾ! ಕಿವಿಗೆ ಕೆಸರು ತುಂಬ್ಕೊಂಡಿದೀರೇನೋ!" ಅನುಕ್ರಮ ಸರಿಹೋಯಿತು. ಎಚ್ಚರಿಕೆಯನ್ನು ಸರ್ವಾನುಮತದಿಂದ ಅಂಗೀಕರಿಸಿ ನಾವೆಲ್ಲ ಓಡಿದೆವು.

ಉಪಕರಣ ಕೆಲಸ ಮಾಡಿತು ಎಂಬುದರಲ್ಲಿ ಎರಡು ಮಾತಿಲ್ಲ. ತಗ್ಗಿನ ಮನೆಗೆ ನೀರು ಬಂದು ಉಳಿದ ಮನೆಗಳಿಗೆ ಏರುವಷ್ಟರಲ್ಲಿ ಊರಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು. ಜನ ಭತ್ತದ ಚೀಲ, ಆಡು, ಟೀವಿ, ಮಕ್ಕಳು ಎಲ್ಲವನ್ನೂ ದೋಣಿಗೆ ಹಾಕಿಕೊಂಡರು. ನಾವು ಚೇಚಿಯ ಮನೆ ತಲುಪಿದಾಗ ಅವರು ಮೊಣಕಾಲು ನೀರಿನಲ್ಲಿ ನಿಂತು ತಾಯಿಯ ಕಂಕುಳಿಗೆ ಕೈ ಹಾಕಿದ್ದರು.

"ನಿಂತು ನೋಡ್ತೀರಲ್ಲ, ಕಾಲು ಹಿಡೀರಿ! ಎತ್ತಿ!"

ಷಿನೋಜ್ ಮುಂದೆ ಬಂದ. ಪ್ರೆಸಿಡೆಂಟ್ ಅವನನ್ನು ತಡೆದರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. "ಚೇಚಿ, ಆಚೆ ದಂಡೆಯವರಿಗೆ ಇನ್ನೂ ಗೊತ್ತಾಗಿಲ್ಲ. ಅಲಾರಮ್ಮನ್ನೇ ಮೊದಲು ಎತ್ಕೊಂಡು ಹೋದ್ರೆ ಅವರಿಗೆ ಹೇಳೋರು ಯಾರು? ಮೇಲೆ ನಿಯಮ ಇದೆ."

"ಅವನು ಹೇಳೋದು ಸರಿ ಕಣೇ," ಎಂದರು ಅಮ್ಮಚ್ಚಿ. "ನಾನೀಗ ಡ್ಯೂಟಿ ಮೇಲಿದೀನಿ. ಕೈ ಬಿಡು."

ಶಾಲೆಯ ಡೆಸ್ಕುಗಳನ್ನು ತಂದು ಮಂಚವನ್ನು ಮೇಲಕ್ಕೇರಿಸಿದೆವು. ನೀರು ಇನ್ನೂ ಏರಿದಾಗ ಡೆಸ್ಕಿನ ಮೇಲೆ ಡೆಸ್ಕು ಇಟ್ಟೆವು. ನೀರು ಇಳಿಯುವವರೆಗೂ ಅಮ್ಮಚ್ಚಿ ಚಾವಣಿಯ ಕೆಳಗೆ ಬಿಲ್ಲೆ ಹಾಕಿಕೊಂಡು ಮಲಗಿ ಕೂಗಿದರು. ಚೇಚಿ ಪಕ್ಕದ ಡೆಸ್ಕಿನ ಮೇಲೆ ಕೂತು ಅವರ ಬಾಯಿಗೆ ಬಿಸಿ ಗಂಜಿ ಹಾಕುತ್ತಿದ್ದರು. ಆಫೀಸಿಗೂ ನೀರು ನುಗ್ಗಿತ್ತು. ಅಲ್ಮೆರಾದ ಕೆಳಗಿನ ಖಾನೆಯಲ್ಲಿದ್ದ ಷಿನೋಜ್‌ನ ಪೆಟ್ಟಿಗೆ ಬ್ಯಾಟರಿ ತೀರುವವರೆಗೆ ಕಿರುಚಿತು. ಅದು ಅಸ್ತಿತ್ವದಲ್ಲಿ ಇಲ್ಲದ್ದರಿಂದ ನಾವು ಯಾರೂ ಕೇಳಿಸಿಕೊಳ್ಳಲಿಲ್ಲ. ಷಿನೋಜ್ ಮಾತ್ರ ಆಫೀಸಿನ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅವನ ನಗು ನನಗೆ ಸರಿ ಕಾಣಲಿಲ್ಲ.

ಮಳೆ ಬಿಡುವು ಕೊಟ್ಟ ಮೇಲೆ ಸನ್ಮಾನಗಳು ಬಂದವು. ನೆರೆಯ ಊರುಗಳ ಗದ್ದೆ ಸಮಿತಿಗಳು ನಮ್ಮ ಉಪಕರಣ ನೋಡಲು ದೋಣಿ ಮಾಡಿಕೊಂಡು ಬಂದವು. ನಮಗೂ ಇಂಥದ್ದು ಬೇಕು, ಏನು ಮಾಡಬೇಕು ಎಂದು ಕೇಳಿದವರಿಗೆ ಸಖಾವು ಸುಗತನ್ ಹೆಮ್ಮೆಯಿಂದ ಹೇಳುತ್ತಿದ್ದರು:

"ನಮ್ಮದು ಮುಕ್ತ ವಿನ್ಯಾಸ. ಯಾರು ಬೇಕಾದ್ರೂ ನಕಲು ಮಾಡ್ಕೊಳ್ಳಿ. ಪ್ರತಿ ಊರಿನ ತಗ್ಗಿನ ಮನೇಲೂ ಒಬ್ಬಳು ಮುದುಕಿ ಇದ್ದೇ ಇರ್ತಾಳೆ."

ನಕಲು ಮಾಡಿಕೊಂಡರು. ಈಗ ಹಲವು ಊರುಗಳಲ್ಲಿ ಇದು ಚಾಲ್ತಿಯಲ್ಲಿದೆ. ಒಂದು ಊರಿನವರು ಮುದುಕನನ್ನು ಬಳಸಿ ನೋಡಿದರಂತೆ. ಮುದುಕ ನೀರು ಬಂದರೂ ನಿದ್ದೆ ಬಿಡಲಿಲ್ಲ ಎಂದು ವರದಿ ಬಂದಿದೆ.

ಆದರೆ ನಮ್ಮ ಮೂಲ ಉಪಕರಣ ಕೆಟ್ಟಿತು. ಅಷ್ಟು ಕೂಗಿದ್ದಕ್ಕೆ ಅಮ್ಮಚ್ಚಿಯ ಗಂಟಲು ಕಟ್ಟಿ, ಧ್ವನಿ ಹೊರಡದೆ ಬರೀ ಗಾಳಿ ಬರತೊಡಗಿತು. ಕರ್ಕಾಟಕ ಮಾಸದ ಮಳೆ ಮುಂದೆಯೇ ಇತ್ತು. ತ್ರೇಸ್ಯಾಮ್ಮ ಚೇಚಿ ಆಫೀಸಿಗೆ ಬಂದರು. ಈ ಸಲ ಬೆಂಚಿನ ತುದಿಯಲ್ಲಿ ಕೂರಲಿಲ್ಲ.

"ಒಂದು ಅಂಗೈಯಷ್ಟು ಹಲಗೆ ಕೇಳಿದ್ದೆ! ಒಂದು ಹಲಗೆ! ಯಾವುದರಲ್ಲಾದ್ರೂ ಬರೀರಿ, ಬೂದೀಲಿ ಬರೀರಿ, ಇದ್ದಿಲಲ್ಲಿ ಬರೀರಿ! ನನ್ನ ತಾಯೀನ ಡೆಸ್ಕಿನ ಮೇಲೆ ಜೋಡಿಸಿ ಕೂಗ್ಸಿದ್ರಲ್ಲ, ನಿಮಗೆ ಮನುಷ್ಯತ್ವ ಇದೆಯೇನ್ರೋ! ನಿಮ್ಮ ಮನೇಲಿ ತಾಯಂದಿರಿಲ್ಲವೇನ್ರೋ!"

ಕಿಟಕಿಯ ಗಾಜು ಅದುರಿತು. ಆಚೆ ದಂಡೆಯಲ್ಲಿ ಯಾರೋ ದೋಣಿ ನಿಲ್ಲಿಸಿ ಇತ್ತ ನೋಡಿದರು. ಪ್ರೆಸಿಡೆಂಟ್ ವೈಸ್ ಪ್ರೆಸಿಡೆಂಟರನ್ನು ನೋಡಿದರು. ವೈಸ್ ಪ್ರೆಸಿಡೆಂಟ್ ಪ್ರೆಸಿಡೆಂಟರನ್ನು ನೋಡಿದರು.

"ಚೇಚಿಗೆ ಈಗ ವಯಸ್ಸೆಷ್ಟು?" ಔಸೇಪ್ಪಚ್ಚನ್ ವಿನಯದಿಂದ ಕೇಳಿದರು.

ಚೇಚಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಇನ್ನೂ ಜೋರಾಗಿ ಕೂಗಿದರು, ಅದು ಅವರ ಅರ್ಹತೆಯನ್ನೇ ಹೆಚ್ಚಿಸಿತು. ಕೊನೆಗೆ ದಣಿದು ಬೆಂಚಿನ ಮೇಲೆ ಕುಸಿದರು. ಷಿನೋಜ್ ನೀರು ತಂದುಕೊಟ್ಟ. ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿ ಕೇಳಿದರು:

"ಸೆಕ್ರೆಟರಿ ಸಾರೇ, ನಾನು ಆ ಕೆಲಸಕ್ಕೆ ಮಲಗಿದ್ರೆ ಅಮ್ಮಚ್ಚೀನ ಬಿಡ್ತೀರಾ? ಅಣ್ಣನ ಮನೆಗೆ ಕರ್ಕೊಂಡು ಹೋಗ್ಬಹುದಾ?"

ನಾನು ನಿಯಮ ನೋಡಿದೆ. ಬದಲಿ ಉಪಕರಣ ಅಳವಡಿಸಿದ ನಂತರ ಹಳೆಯದನ್ನು ತೆಗೆಯಲು ಅಡ್ಡಿಯಿರಲಿಲ್ಲ. ಹಾಗೆಂದು ಹೇಳಿದೆ.

"ಹಾಗಾದ್ರೆ ಮಲಗ್ತೀನಿ," ಎಂದರು ಚೇಚಿ.

ಮರುದಿನ ಹೊಸ ಮಂಚ ಹೊತ್ತುಕೊಂಡು ಎಲ್ಲರೂ ಅವರ ಮನೆಗೆ ಹೋದೆವು. ಅಣ್ಣನ ಹೆಂಡತಿ ಕಳಿಸಿದ ಮೋಟಾರ್ ದೋಣಿ ದಡದಲ್ಲಿ ಕಾಯುತ್ತಿತ್ತು. ಅಮ್ಮಚ್ಚಿಯ ಬಟ್ಟೆಯ ಗಂಟು, ಜಪಮಾಲೆ, ಬಿಲ್ಲೆ ಎಲ್ಲ ಸಿದ್ಧವಾಗಿದ್ದವು. ಇನ್ನು ಹೊಸ ಮಂಚವನ್ನು ನೆಲಕ್ಕಿಳಿಸುವುದೊಂದೇ ಬಾಕಿ. ತ್ರೇಸ್ಯಾಮ್ಮ ಚೇಚಿ ಸೆರಗು ಸಿಕ್ಕಿಸಿಕೊಂಡು ಕೋಣೆಯ ನಡುವೆ ನಿಂತು, ತಮ್ಮ ಆ ಧ್ವನಿಯಲ್ಲಿ ಕೇಳಿದರು:

"ಎಲ್ಲಿ ಹಾಕ್ಲಿ ಹೇಳಿ. ಗೋಡೆ ಪಕ್ಕನಾ, ಕಿಟಕಿ ಪಕ್ಕನಾ?"

ಷಿನೋಜ್ ಅವರ ಬಾಯಿ ಮುಚ್ಚಲು ಹಾರಿದ. ತಡವಾಗಿತ್ತು. ಸಖಾವು ಸುಗತನ್ ಗಂಟಲು ಸರಿಮಾಡಿಕೊಂಡು, ಇದು ಒಬ್ಬ ವ್ಯಕ್ತಿ ತೀರ್ಮಾನಿಸುವ ವಿಷಯವಲ್ಲ, ಆದರೂ ವೈಯಕ್ತಿಕವಾಗಿ ಗೋಡೆಯ ಬಗ್ಗೆ ತಮಗೆ ಒಳ್ಳೆಯ ಅಭಿಪ್ರಾಯವಿದೆ ಎಂದರು. ಔಸೇಪ್ಪಚ್ಚನ್ ಕಿಟಕಿಗೆ ತಮ್ಮ ಬಲವಾದ ಬೆಂಬಲವನ್ನು ಬರೆದುಕೊಳ್ಳಲು ಹೇಳಿದರು. ಬರೆದುಕೊಂಡೆ.

ಮಂಚದ ಜಾಗ ಅಂತಿಮವಾಗುವವರೆಗೆ ಬದಲಿ ಉಪಕರಣವನ್ನು ಅಳವಡಿಸಿದಂತೆ ಆಗುವುದಿಲ್ಲ. ಅಳವಡಿಸುವವರೆಗೆ ಹಳೆಯದನ್ನು ಕದಲಿಸುವಂತಿಲ್ಲ. ಮೋಟಾರ್ ದೋಣಿ ವಾಪಸು ಹೋಯಿತು. ಜಾಗದ ಆಯ್ಕೆಯ ಸಮ್ಮೇಳನ ಕರ್ಕಾಟಕ ಕಳೆದು ಓಣಂ ಮುಗಿದ ಮೇಲೆ, ಫ್ಲೆಕ್ಸಿಗೆ ಹೇಳಿಯಾಗಿದೆ. ಸದ್ಯಕ್ಕೆ ಹೊಸ ಮಂಚ ಬಾಗಿಲಿಗೆ ಅಡ್ಡವಾಗಿ ಬಿದ್ದಿದೆ, ಯಾರ ಆಕ್ಷೇಪವೂ ಇಲ್ಲ. ಕರ್ಕಾಟಕದ ಮಳೆ ನಿನ್ನೆಯಿಂದ ಹಿಡಿದಿದೆ. ಇವತ್ತು ಬೆಳಿಗ್ಗೆ ಪರಿಶೀಲನೆಗೆ ಹೋದಾಗ ತಾಯಿ ಮಗಳಿಬ್ಬರೂ ತಮ್ಮ ತಮ್ಮ ಮಂಚದಲ್ಲಿ ಬಲಗೈ ನೆಲಕ್ಕೆ ಇಳಿಬಿಟ್ಟು ಮಲಗಿದ್ದರು. ನನ್ನನ್ನು ನೋಡಿ ಅಮ್ಮಚ್ಚಿ ಹತ್ತಿರ ಕರೆದರು. ಬಗ್ಗಿ ಕಿವಿ ಕೊಟ್ಟೆ.

"ಅವಳಿಗೆ ಸರಿಯಾಗಿ ಹೇಳಿ ಸಾರೇ," ಎಂದು ಪಿಸುಗುಟ್ಟಿದರು. "ನೀರು ಬಂದ್ರೆ ಮೊದಲು ಕೂಗೋದು ನಾನು. ಸೀನಿಯರ್ ನಾನಲ್ವಾ?"

ಚೇಚಿಯನ್ನು ಕೇಳಿದೆ. ಅವರದೇನೂ ಅಭ್ಯಂತರವಿಲ್ಲ ಎಂದರು.